ಅಂಡಮಾನಲ್ಲಿ ಏನೇನು ಕವರ್ ಮಾಡಿದ್ರಿ?

ಏನೂ ಮಾಡಲಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಕೇಳಿದವರು ಬಿಡುವುದಿಲ್ಲ. ಏಪ್ರಿಲ್ ರಜೆಯಲ್ಲಿ ನಾನು, ನನ್ನ ಗಂಡ, ಹತ್ತು ವರ್ಷದ ಮಗ, ನನ್ನ ಅಪ್ಪ, ಅಮ್ಮ ಐದೂ ಜನ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ ಹೋದೆವು. ಸಮುದ್ರದ ಪಕ್ಕದ ಒಂದು ರೆಸಾರ್ಟಿನಲ್ಲಿ ಐದು ದಿನ ಇದ್ದು ದಾವಣಗೆರೆಗೆ ವಾಪಸ್ ಬಂದೆವು. ಅವತ್ತಿನಿಂದ ಸ್ಟಾಫ್ ರೂಮಿನಲ್ಲಿ, ತರಕಾರಿ ಗಾಡಿಯ ಮುಂದೆ, ಬೆಣ್ಣೆ ದೋಸೆಗೆ ಕಾಯುವ ಸಾಲಿನಲ್ಲಿ ಇದೊಂದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ 'ಕವರ್' ಅನ್ನುವ ಮಾತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಜೂನ್‌ನಿಂದ ಫೆಬ್ರುವರಿವರೆಗೆ ನನ್ನ ಬದುಕು ಪೋರ್ಷನ್ ಕವರ್ ಮಾಡುವುದರಲ್ಲೇ ಕಳೆಯುತ್ತದೆ. ತ್ರಿಕೋನಮಿತಿ ಆಯ್ತಾ, ಸಂಭವನೀಯತೆ ಆಯ್ತಾ, ರಿವಿಜನ್ ಯಾವಾಗ. ರಜೆಯಲ್ಲೂ ಯಾರೋ ಬಂದು 'ಕವರ್ ಆಯ್ತಾ' ಅಂದರೆ ಕೈಯಲ್ಲಿ ಡಸ್ಟರ್ ಇಲ್ಲದ್ದು ಅವರ ಪುಣ್ಯ.

ಕೇಳುವವರ ಹತ್ತಿರ ಪಟ್ಟಿ ರೆಡಿ ಇರುತ್ತದೆ. ರಾಸ್ ಐಲ್ಯಾಂಡ್ ಹೋದ್ರಾ? ಎಲಿಫೆಂಟ್ ಬೀಚ್? ಸ್ಕೂಬಾ ಮಾಡಿದ್ರಾ? ಬಾರಾಟಾಂಗ್ ಗುಹೆ? ನಾನು ಇಲ್ಲ, ಇಲ್ಲ, ಇಲ್ಲ ಅನ್ನುತ್ತಾ ಹೋದ ಹಾಗೆ ಅವರ ಮುಖ ಸಣ್ಣದಾಗುತ್ತದೆ. ಫೇಲಾದ ಮಗುವಿನ ಅಂಕಪಟ್ಟಿ ನೋಡುವ ಮುಖ ಅದು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ನಾನೇ ಎಷ್ಟೋ ಸಲ ಮಾಡಿದ್ದೇನೆ.

ಪೋರ್ಟ್ ಬ್ಲೇರಿನಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಸೆಲ್ಯುಲಾರ್ ಜೈಲು ನೋಡಿದೆವು, ಸುಳ್ಳು ಯಾಕೆ. ಹ್ಯಾವ್‌ಲಾಕ್‌ಗೆ ಹಡಗು ಮರುದಿನ ಬೆಳಿಗ್ಗೆ ಇತ್ತು, ಸಂಜೆ ಖಾಲಿ ಇತ್ತು. 7 ರೆಕ್ಕೆಗಳಲ್ಲಿ 3 ಮಾತ್ರ ಈಗ ಉಳಿದಿವೆ. ಅಪ್ಪ ಒಂದು ಕೋಣೆಯ ಒಳಗೆ ಹೋಗಿ ನಿಂತು, ಹೊರಗೆ ಬಂದು, 'ನಡಿ' ಅಂದ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಟಿಕ್ ಹಾಕಿಕೊಳ್ಳುತ್ತಾರೆ.

ಇನ್ನು ಬಾರಾಟಾಂಗ್. ಆ ದಾರಿ ಜಾರವಾ ಆದಿವಾಸಿಗಳ ಕಾಡಿನ ಒಳಗೆ ಹೋಗುತ್ತದೆ. ಗಾಡಿಗಳನ್ನು ಗೊತ್ತಾದ ಹೊತ್ತಿಗೆ ಮಾತ್ರ ಗುಂಪಾಗಿ ಬಿಡುತ್ತಾರೆ, ಅದಕ್ಕೆ ಬೆಳಗಿನ ಜಾವ ಮೂರೂವರೆಗೇ ರೂಮು ಬಿಡಬೇಕು ಅಂತ ಏಜೆಂಟ್ ಹೇಳಿದ. ಕಾಡಿನ ಜನರನ್ನು ಕಿಟಕಿಯಿಂದ ಇಣುಕಿ ನೋಡುವ ಪ್ರವಾಸ ನನಗೆ ಬೇಡವಾಗಿತ್ತು, ಅದು ಒಂದು. ಇನ್ನೊಂದು, ನಮ್ಮಪ್ಪ 36 ವರ್ಷ ಬೆಳಗಿನ ಜಾವ ಮೂರಕ್ಕೆ ಎದ್ದವನು. ದುಡ್ಡು ಕೊಟ್ಟು ಮತ್ತೆ ಎಬ್ಬಿಸಬೇಕಾ?

'ಸಮುದ್ರಾನೇ ಬೇಕಿದ್ರೆ ಮುರ್ಡೇಶ್ವರ ಇರಲಿಲ್ವಾ?' ಇದು ಎರಡನೇ ಪ್ರಶ್ನೆ. ಇತ್ತು. ನಾಲ್ಕು ಸಲ ಹೋಗಿದ್ದೇವೆ. ಹೇಗೆ ಹೋಗಿದ್ದೇವೆ ಅಂತ ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ರಾತ್ರಿ ಹತ್ತಕ್ಕೆ ಟೆಂಪೋ ಟ್ರಾವೆಲರ್. ಹದಿನೇಳು ಜನ, ಒಂದು ಚೀಲ ಚಪಾತಿ, ಒಂದು ಡಬ್ಬ ಶೇಂಗಾ ಚಟ್ನಿಪುಡಿ. ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು, ಟೈಮ್ ಸಿಕ್ಕರೆ ಶೃಂಗೇರಿ. ಸೋಮವಾರ ಬೆಳಿಗ್ಗೆ ಶಾಲೆ ಪ್ರಾರ್ಥನೆಗೆ ಹಾಜರ್. ಸಮುದ್ರಕ್ಕೆ ಸಿಗುತ್ತಿದ್ದದ್ದು ನಲವತ್ತು ನಿಮಿಷ. ಆ ನಲವತ್ತು ನಿಮಿಷ ಅಪ್ಪ ಎಲ್ಲಿರುತ್ತಿದ್ದ? ದಡದಲ್ಲಿ, ಎಲ್ಲರ ಚಪ್ಪಲಿ, ಮೊಬೈಲು, ವ್ಯಾನಿಟಿ ಬ್ಯಾಗುಗಳ ಮಧ್ಯೆ, ಕೋಳಿ ಮೊಟ್ಟೆಗೆ ಕೂತ ಹಾಗೆ. ನಾಲ್ಕು ಸಲದಲ್ಲಿ ಒಂದು ಸಲವೂ ಅವನ ಪಾದ ಒದ್ದೆ ಆಗಲಿಲ್ಲ. ಯಾರೋ ಒಬ್ಬರು ಬ್ಯಾಗ್ ಕಾಯಬೇಕಲ್ವಾ.

ಎಷ್ಟು ಖರ್ಚಾಯ್ತು ಅನ್ನುವುದು ಮೂರನೇ ಪ್ರಶ್ನೆ. ಹೇಳಲ್ಲ.

ದ್ವೀಪದ ವಿಚಾರ ಒಂದಿಷ್ಟು ಹೇಳುತ್ತೇನೆ, ಇಲ್ಲದಿದ್ದರೆ ಹೋಗಿದ್ದೇ ಸುಳ್ಳು ಅನ್ನುತ್ತೀರಿ. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಅಪ್ಪನಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಅವನು ಇನ್ನೂ 'ನಮ್ಮ ಚಿತ್ರದುರ್ಗ ಜಿಲ್ಲೆ' ಅನ್ನುತ್ತಾನೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಈ ದ್ವೀಪದಲ್ಲಿ ನೆಲೆ ನಿಲ್ಲಿಸಿದರು, ಈಗ ಇರುವವರು ಹೆಚ್ಚಿನವರು ಅವರ ಮಕ್ಕಳು ಮೊಮ್ಮಕ್ಕಳು. ಊರುಗಳ ಹೆಸರು ಗೋವಿಂದನಗರ, ಕೃಷ್ಣನಗರ, ವಿಜಯನಗರ. 'ಇದೇನೇ, ನಮ್ಮ ಬಡಾವಣೆಗಳ ಥರ ಐತೆ' ಅಂದಳು ಅಮ್ಮ. ಆಗುಂಬೆ ಘಾಟಿಯಲ್ಲಿ ತಪ್ಪದೆ ವಾಂತಿ ಮಾಡುವ ಅವಳಿಗೆ ಹಡಗಿನಲ್ಲಿ ಏನೂ ಆಗಲಿಲ್ಲ. ಈ ಸಂಗತಿ ಈಗ ನಮ್ಮ ಬೀದಿಗೆಲ್ಲ ಗೊತ್ತು.

ಸೂರ್ಯನದ್ದು ಬೇರೆ ಕಥೆ. ಅಲ್ಲೂ ನಮ್ಮದೇ ಗಡಿಯಾರ. ಆದರೆ ದಾವಣಗೆರೆಗಿಂತ ಆ ದ್ವೀಪ ಸುಮಾರು 17 ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷ. ಗುಣಿಸಿಕೊಳ್ಳಿ, 68 ನಿಮಿಷ. ಏಪ್ರಿಲ್‌ನಲ್ಲೂ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ತಂಗಿ ಇಲ್ಲಿಂದ ಫೋನ್ ಮಾಡಿ 'ಇನ್ನೂ ಬಿಸಿಲು ಇಳಿದಿಲ್ಲ ಕಣೇ, ಹಂಚು ಕಾದ ಹಾಗಿದೆ' ಅನ್ನುವಾಗ ಅಲ್ಲಿ ಅಮ್ಮ ದೀಪ ಹಚ್ಚುವ ಹೊತ್ತು ಮೀರಿತು ಅಂತ ಒದ್ದಾಡುತ್ತಿದ್ದಳು. ಬೆಳಿಗ್ಗೆ ಐದಕ್ಕೆಲ್ಲ ಬೆಳಕು. ಅಪ್ಪನಿಗೆ ಮಾತ್ರ ಅದು ಸರಿ ಹೋಯಿತು.

ಈಗ ನಿಜ ಹೇಳುತ್ತೇನೆ. ನೀವು ಕೇಳುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ 'ನಿಮ್ಮಪ್ಪ ಅಲ್ಲಿ ಏನು ಮಾಡಿದ್ರು?' ಅಂತ ಯಾರಾದರೂ ಕೇಳಿದ್ದರೆ ಒಂದು ಗಂಟೆ ಮಾತಾಡುತ್ತಿದ್ದೆ. ಒಬ್ಬರೂ ಕೇಳಲಿಲ್ಲ. ನಾನೇ ಕೇಳಿಕೊಳ್ಳುತ್ತೇನೆ.

ಅಪ್ಪ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದವನು. ನಡೆಸುವುದು ಅಂದರೆ ಗಲ್ಲಾದ ಹಿಂದೆ ಕೂರುವುದಲ್ಲ, ಬೆಂಕಿ ಮುಂದೆ ನಿಲ್ಲುವುದು. ಭತ್ತ ನೆನೆಸಿ, ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಹೊಟ್ಟು ತೆಗೆಸಿ, ಆ ಅಕ್ಕಿಗೆ ಉಪ್ಪು ನೀರು ಹಿಡಿಸಿ, ಕಾದ ಮರಳಿಗೆ ಸುರಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ನೀವು ಮಿರ್ಚಿ ಜೊತೆ ತಿನ್ನುವ ಖಾರ ಮಂಡಕ್ಕಿಯ ಹಿಂದೆ ಇಷ್ಟೆಲ್ಲ ಇದೆ. ಮೊಣಕಾಲು ಕೈಕೊಟ್ಟ ಮೇಲೆ ಅಪ್ಪ ಭಟ್ಟಿ ಬಿಟ್ಟ. ಮೂರಕ್ಕೆ ಏಳುವುದು ಬಿಡಲಿಲ್ಲ.

ರೆಸಾರ್ಟಿನಲ್ಲಿ ಮೊದಲ ಎರಡು ದಿನ ಅವನ ಪಾಡು ನೋಡಲಾಗುತ್ತಿರಲಿಲ್ಲ. ಕಾಯುವುದಕ್ಕೆ ಬ್ಯಾಗಿಲ್ಲ. ಚಪ್ಪಲಿ ಎಲ್ಲೆಂದರಲ್ಲಿ ಬಿಟ್ಟರೂ ಯಾರೂ ಮುಟ್ಟುವುದಿಲ್ಲ. ಒರಗು ಕುರ್ಚಿಯ ಮೇಲೆ ಮಲಗು ಅಂದರೆ ಅಂಚಿನಲ್ಲಿ ಕೂತ, ಡಾಕ್ಟರ ಶಾಪಿನಲ್ಲಿ ಸರದಿಗೆ ಕೂತ ಹಾಗೆ. 'ಇವರಿಗೆ ನಾವು ಏನು ಕೆಲಸ ಮಾಡಿಕೊಡಬೇಕು?' ಅಂತ ಒಂದು ಸಲ ಮೆಲ್ಲಗೆ ಕೇಳಿದ. ಏನೂ ಇಲ್ಲಪ್ಪ ಅಂದೆ. ನಂಬಲಿಲ್ಲ.

ನಾವಿದ್ದ ಕಡೆ, ದ್ವೀಪದ ಪೂರ್ವದ ದಡದಲ್ಲಿ, ಇಳಿತದ ಹೊತ್ತಿಗೆ ನೀರು ದೂರ ಹಿಂದೆ ಸರಿದು ಹವಳದ ಕಲ್ಲುಗಳೆಲ್ಲ ಬಯಲಾಗುತ್ತವೆ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಇವತ್ತು ಹತ್ತಕ್ಕೆ ಇಳಿದ ನೀರು ನಾಳೆ ಇಳಿಯುವುದು ಸುಮಾರು ಹತ್ತೂ ಐವತ್ತಕ್ಕೆ. ಮೂರನೇ ದಿನ ಹೀಗೆ ನೀರು ಹಿಂದೆ ಹೋದಾಗ ಅಪ್ಪ ಕಾಣಿಸಲಿಲ್ಲ. ಹುಡುಕಿದರೆ ಅಷ್ಟು ದೂರದಲ್ಲಿ ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದ. ಪಾದ ಒದ್ದೆ. ಕೈಯಲ್ಲಿ ಮರಳು. ಬೆರಳ ಸಂದಿಯಿಂದ ಸೋಸುತ್ತಿದ್ದ, ಹೆಬ್ಬೆರಳಲ್ಲಿ ಉಜ್ಜುತ್ತಿದ್ದ, ಮೂಸಿ ನೋಡುತ್ತಿದ್ದ.

'ಇದು ಭಟ್ಟಿಗೆ ಆಗಲ್ಲ' ಅಂದ.

ನನ್ನ ಮಗ ಡೈವಿಂಗ್ ಅಂಗಡಿಯ ಹುಡುಗರ ಹತ್ತಿರ ಕಲಿತದ್ದನ್ನು ತಾತನಿಗೆ ಹೇಳಿದ. ಗಿಳಿಮೀನು ಅಂತ ಇದೆ, ಅದಕ್ಕೆ ಗಿಳಿ ಕೊಕ್ಕಿನಂಥ ಹಲ್ಲು. ಹವಳವನ್ನು ಕಚ್ಚುತ್ತದೆ, ಗಂಟಲಿನೊಳಗಿನ ಹಲ್ಲಿನಲ್ಲಿ ಅರೆದು ನುಂಗುತ್ತದೆ, ಹಿಂದಿನಿಂದ ಮರಳಾಗಿ ಬಿಡುತ್ತದೆ. ಇಂಥ ದ್ವೀಪಗಳ ಬಿಳಿ ಮರಳಿನಲ್ಲಿ ಒಂದು ಪಾಲು ಅದೇ. ಅಪ್ಪ ಕೈಯಲ್ಲಿದ್ದದ್ದನ್ನು ನೋಡಿದ. 'ಹೇಲಾ ಇದು?' ಅಂದ. ಅವನು ಅಷ್ಟು ಜೋರಾಗಿ ನಕ್ಕಿದ್ದು ನಾನು ಯಾವಾಗ ನೋಡಿದ್ದೆನೋ ನೆನಪಿಲ್ಲ. ಕೈ ಮಾತ್ರ ತೊಳೆಯಲಿಲ್ಲ.

ಆಮೇಲೆ ಶುರುವಾಯಿತು. ಭಟ್ಟಿಗೆ ಹೊಳೆ ಮರಳೇ ಬೇಕು. ಕಾಳು ಒಂದೇ ಸಮ ಇರಬೇಕು. ತೀರಾ ಸಣ್ಣದಾದರೆ ಮಂಡಕ್ಕಿಯ ಒಳಗೆ ಹೋಗಿ ಕೂರುತ್ತದೆ, ಗಿರಾಕಿಯ ಹಲ್ಲಿಗೆ ಒಂದು ಕಾಳು ಸಿಕ್ಕಿದರೆ ಆ ಗಿರಾಕಿ ಮುಗಿದ. ದಪ್ಪನಾದರೆ ಅಕ್ಕಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ. ಹೊಸ ಮರಳನ್ನು ಎಷ್ಟು ಸಲ ತೊಳೆಯಬೇಕು, ಹಳೆಯದನ್ನು ಯಾವಾಗ ಎಸೆಯಬೇಕು. ಒಂದು ಗಂಟೆ ಹೇಳಿದ. ನನಗೆ ನಲವತ್ತೊಂದು ವರ್ಷ. ಅವನ ಮೊಣಕೈವರೆಗೆ ಇರುವ ಸುಟ್ಟ ಕಲೆಗಳ ಲೆಕ್ಕ ನನಗೆ ಗೊತ್ತು. ಮರಳಿನ ಬಗ್ಗೆ ನಾನು ಒಂದು ದಿನವೂ ಕೇಳಿರಲಿಲ್ಲ. ಮನೆಯಲ್ಲಿ ಅದು ಬಟ್ಟೆ ಒಗೆಯುವಾಗ ಜೇಬಿನಿಂದ ಉದುರುವ ಕಾಟ, ಅಷ್ಟೇ.

ಅಮ್ಮ ಊರಿಂದ ಎರಡು ಪ್ಯಾಕೆಟ್ ಮಂಡಕ್ಕಿ ತಂದಿದ್ದಳು. ತರದೆ ಇರುತ್ತಾಳಾ. ಸಂಜೆ ಬಿಚ್ಚಿದರೆ ಅರ್ಧ ಗಂಟೆಯಲ್ಲಿ ಕಡಲ ಗಾಳಿಗೆ ಮೆತ್ತಗಾಯಿತು. ಅಪ್ಪನಿಗೆ ಮರ್ಯಾದೆ ಹೋದ ಹಾಗೆ. ಚಹಾ ತಂದುಕೊಟ್ಟ ಅಡುಗೆಮನೆಯ ಹುಡುಗ ತಟ್ಟೆ ನೋಡಿ, 'ಮುಡಿ!' ಅಂದ. ಮುಡಿ ಅಂದರೆ ನಮಗೆ ತಿರುಪತಿಯಲ್ಲಿ ಕೊಡುವುದು. ಬಂಗಾಳಿಯಲ್ಲಿ ಅದು ಮಂಡಕ್ಕಿ. ಅವನ ಅಜ್ಜಿಯೂ ಮನೆಯಲ್ಲಿ ಕಾದ ಮರಳಿಗೆ ಹಾಕಿಯೇ ಹುರಿಯುತ್ತಿದ್ದಳಂತೆ. ಅಪ್ಪನಿಗೆ ಹಿಂದಿ ಬರುವುದಿಲ್ಲ, ಆ ಹುಡುಗನಿಗೆ ಕನ್ನಡ ಬರುವುದಿಲ್ಲ. ಬಾಣಲೆ ಅಲ್ಲಾಡಿಸುವ ಹಾಗೆ, ಜರಡಿ ಹಿಡಿಯುವ ಹಾಗೆ ಇಬ್ಬರೂ ಕೈ ಆಡಿಸಿದರು. ಅಷ್ಟಕ್ಕೇ ಎಲ್ಲ ತಿಳಿಯಿತು.

ನಾಲ್ಕನೇ ದಿನ ಮಧ್ಯಾಹ್ನ ಅಡುಗೆಮನೆಯ ಹಿಂದೆ ಹೊಗೆ. ಹಳೇ ಬಾಣಲೆ, ಅದರಲ್ಲಿ ಆ ಬಿಳಿ ಮರಳು, ಮೇಲೆ ಅವರ ಡಬ್ಬದ ಒಂದು ಹಿಡಿ ಅಕ್ಕಿ. ಅಪ್ಪ, ಆ ಹುಡುಗ, ನನ್ನ ಮಗ ಮೂವರೂ ಬಗ್ಗಿ ನೋಡುತ್ತಿದ್ದರು. ಅಕ್ಕಿ ಅರಳಲಿಲ್ಲ. ಕೆಂಪಾಯಿತು, ಕರಿಯಾಯಿತು. ಬೇಯಿಸಿ ಒಣಗಿಸದ ಅಕ್ಕಿ ಹಾಗೆಲ್ಲ ಅರಳುವುದಿಲ್ಲ ಅಂತ ಅಪ್ಪನಿಗೆ ಗೊತ್ತಿಲ್ಲದೆ ಏನು. ಆದರೂ ಮರಳಿನ ಕಡೆ ಬೆರಳು ತೋರಿಸಿ, 'ನಾ ಹೇಳಲಿಲ್ವಾ' ಅಂದ. ನಾನು ಗಣಿತದವಳು, ಪರೀಕ್ಷೆ ಸರಿ ಇಲ್ಲ, ಅಕ್ಕಿ, ಮರಳು ಎರಡೂ ಒಟ್ಟಿಗೆ ಬದಲಾದರೆ ತಪ್ಪು ಯಾವುದರದ್ದು ಅಂತ ಹೇಗೆ ಹೇಳ್ತೀಯ ಅಂದೆ. ನನ್ನನ್ನು ಅಲ್ಲಿಂದ ಕಳಿಸಿದರು.

ಅವತ್ತು ರಾಧಾನಗರ ಬೀಚಿಗೆ ಹೋಗಬೇಕಿತ್ತು, ಆಟೋ ಹೇಳಿಯಾಗಿತ್ತು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಚೆಂದದ ಬೀಚ್ ಅಂತ ಬರೆದದ್ದು ಅದನ್ನೇ. ನಾನು, ನನ್ನ ಗಂಡ, ಅಮ್ಮ ಹೋಗಿ ಬಂದೆವು. ಚೆನ್ನಾಗಿದೆ. ನೀವು ಹೋಗಿ ನೋಡಿ.

ಹೊರಡುವ ದಿನ ಅಪ್ಪನ ಅಂಗಿ ಜೇಬಿನಲ್ಲಿ ಪೇಪರಿನ ಪೊಟ್ಟಣ. ಭಟ್ಟಿಯ ಹಳೇ ಗೆಳೆಯರಿಗೆ ತೋರಿಸಲು ಮರಳು. ಹವಳ, ಚಿಪ್ಪು, ಮರಳು ಯಾವುದನ್ನೂ ಒಯ್ಯಬಾರದು, ಏರ್‌ಪೋರ್ಟಿನಲ್ಲಿ ನೋಡುತ್ತಾರೆ ಅಂದೆ. ಗೊಣಗುತ್ತಾ ಹೋಗಿ ಎಲ್ಲಿಂದ ತೆಗೆದಿದ್ದನೋ ಅಲ್ಲೇ ಸುರಿದು ಬಂದ. ಪಕ್ಕದಲ್ಲೇ ಸುರಿದರೆ ಆಗುತ್ತಿರಲಿಲ್ವಾ? ಇಲ್ಲ, ಅಲ್ಲೇ.

ಇಷ್ಟೆಲ್ಲ ಬರೆಯಲು ಕಾರಣ ಕಳೆದ ತಿಂಗಳು ಹದಡಿ ರಸ್ತೆಯ ಕಡೆ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಎದುರಿಗೆ ದೂರದ ಸಂಬಂಧದ ಒಬ್ಬರು. ಹೆಸರು ಬೇಡ, ಮಾವ ಅನ್ನೋಣ. ಅವರ ಮಗ ಅಂಡಮಾನಿಗೆ ಹೋಗಿ ನಾಲ್ಕೇ ದಿನದಲ್ಲಿ ಹನ್ನೊಂದು ಪಾಯಿಂಟ್ ಮುಗಿಸಿದ್ದಾನಂತೆ. ಇಡೀ ಸಾಲಿಗೆ ಕೇಳುವ ಹಾಗೆ, 'ಐದು ದಿನ ಏನಮ್ಮ ಕವರ್ ಮಾಡಿದ್ರಿ? ಸುಮ್ನೆ ಕೂತು ಬಂದ್ರಂತೆ? ಅಷ್ಟು ದುಡ್ಡಿಗೆ?' ಅಂದರು. ನನ್ನ ಕೈಯಲ್ಲಿ ಹೋಳಿಗೆ. ಬಾಯಲ್ಲೂ ಹೋಳಿಗೆ. ಹೇಳಬೇಕು ಅಂತ ಒಂದು ತಿಂಗಳಿಂದ ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ.

ಅಪ್ಪ ತುಪ್ಪ ಹಾಕಿಸಿಕೊಳ್ಳುತ್ತಾ, ತಲೆ ಎತ್ತದೆ, 'ನಾನು ಮರಳು ನೋಡಿದೆ' ಅಂದ. 'ನಮ್ಮ ಭಟ್ಟಿಗೆ ಆಗಲ್ಲ.'

ಮಾವ ನಕ್ಕರು. ಸಾಲಿನ ನಾಲ್ಕೈದು ಜನ ನಕ್ಕರು. ನನಗೆ ಎಲೆ ಮಡಚಿ ಎದ್ದುಬಿಡೋಣ ಅನ್ನಿಸಿತು. ಆಗ ಕೊನೆಯ ಎಲೆಯಲ್ಲಿ ಕೂತಿದ್ದ ಒಬ್ಬ ಮುದುಕರು ಮುಂದೆ ಬಾಗಿ ಅಪ್ಪನ ಕಡೆ ನೋಡಿದರು. ಅವರ ಮುಂಗೈ ಮೇಲೂ ಅಂಥದ್ದೇ ಕಲೆಗಳಿದ್ದವು.

'ಯಾಕೆ ಆಗಲ್ಲ?' ಅಂದರು.

ಅಪ್ಪ ತನ್ನ ಎಲೆಯ ಅಂಚಿನಲ್ಲಿದ್ದ ಉಪ್ಪನ್ನು ಬೆರಳಲ್ಲಿ ಹರಡಿದ. ಕಾಳು ಎಷ್ಟು ಸಣ್ಣ ಅಂತ ತೋರಿಸಬೇಕಿತ್ತಲ್ಲ. ಆ ಮುದುಕರು ಎದ್ದು ಬಂದು ಪಕ್ಕದಲ್ಲೇ ಕೂತರು. ಎಲೆ ಎತ್ತಲು ಬಂದ ಹುಡುಗ ಎರಡು ಸಲ ವಾಪಸ್ ಹೋದ.