ಮೋಟರ್ ಇಲ್ಲದ ಎಂಜಿನ್ನಿಗೆ ಸದ್ದು ಯಾಕೆ?

ಮನೆಗೆ ಬಂದವರು ಮೇಜಿನ ಮೇಲಿನ ಪುಟ್ಟ ರೈಲು ನೋಡುತ್ತಾರೆ, ಖುಷಿಪಡುತ್ತಾರೆ. ಆಮೇಲೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಪ್ರಶ್ನೆ. "ಎರಡನೇ ಎಂಜಿನ್ನಿನ ಮೋಟರ್ ಕಿತ್ತು ಹಾಕಿದ್ದೀರಂತೆ, ಅಲ್ವಾ? ತಾನಾಗಿ ಓಡದ ಎಂಜಿನ್ನಿಗೆ ಸದ್ದು ಯಾಕೆ?"

ಸದ್ದಿಗೆ ಜಾಗ ಬೇಕಿತ್ತು, ಅದಕ್ಕೆ.

ನನ್ನದು ಅಮೆರಿಕದ ಇಎಂಡಿ ಎಫ್7, ಎಚ್‌ಒ ಸ್ಕೇಲ್. ಅಂದರೆ ನಿಜವಾದ ಎಂಜಿನ್ನಿನ 87ನೇ ಒಂದು ಪಾಲು. ಇಎಂಡಿ ಅಂದರೆ ಜನರಲ್ ಮೋಟರ್ಸ್‌ನವರ ರೈಲ್ವೆ ಎಂಜಿನ್ ವಿಭಾಗ, ಅವರು 1949ರಿಂದ 1953ರವರೆಗೆ ನಿಜವಾದ ಎಫ್7 ಕಟ್ಟಿದರು. ಇದರಲ್ಲಿ ಎರಡು ಬಗೆ. ಎ ಯೂನಿಟ್‌ಗೆ ಡ್ರೈವರ್ ಕ್ಯಾಬ್ ಇರುತ್ತದೆ, ಬಿ ಯೂನಿಟ್‌ಗೆ ಇರುವುದಿಲ್ಲ. ಬಿ ಒಳಗೂ 1500 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇತ್ತು, ಆದರೆ ಮುಂದಿನ ಎ ಯೂನಿಟ್‌ನಲ್ಲಿ ಕೂತ ಡ್ರೈವರ್ ಕೇಬಲ್ ಮೂಲಕ ಎರಡನ್ನೂ ಒಟ್ಟಿಗೆ ನಡೆಸುತ್ತಿದ್ದ. ಹುಟ್ಟಿನಿಂದಲೇ ಜೋಡಿ ಅವು. ನನ್ನ ಮೇಜಿನ ಮೇಲೂ ಎ ಎಳೆಯುತ್ತದೆ, ಬಿ ಹಾಡುತ್ತದೆ.

ಎ ಯೂನಿಟ್‌ನ ಕವಚ ತೆಗೆದು ನೋಡಿ. ನಡುವೆ ಮೋಟರ್, ಎರಡು ಕಡೆ ಫ್ಲೈವೀಲ್ (ಕರೆಂಟ್ ತಪ್ಪಿದರೂ ಸ್ವಲ್ಪ ಹೊತ್ತು ತಿರುಗುತ್ತಿರುವ ಭಾರದ ಚಕ್ರ), ಮೇಲೆ ಸರ್ಕ್ಯೂಟ್ ಬೋರ್ಡು, ಸುತ್ತ ತೂಕಕ್ಕೆ ಲೋಹ. ಉಳಿದ ಸಂದಿಯಲ್ಲಿ ಕೂರುವುದು 11 ಮಿ.ಮೀ. ಅಗಲ, 15 ಮಿ.ಮೀ. ಉದ್ದದ ಸ್ಪೀಕರ್. ಅದರಿಂದ ಹಾರ್ನ್ ಚೆನ್ನಾಗಿ ಬರುತ್ತದೆ, ಡೀಸೆಲ್ಲಿನ ಆ ಗುಡುಗು ಮಾತ್ರ ಬರುವುದಿಲ್ಲ. ಸ್ಪೀಕರಿನ ಹಿಂಬದಿಯನ್ನು ಗಾಳಿ ಆಡದಂತೆ ಮುಚ್ಚಲೂ ಬೇಕು. ಇಲ್ಲದಿದ್ದರೆ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದನ್ನೊಂದು ಅಳಿಸಿಹಾಕುತ್ತವೆ, ದಪ್ಪ ಸ್ವರವೇ ಮೊದಲು ಹೋಗುತ್ತದೆ. ಮೋಟರ್ ತೆಗೆದ ಬಿ ಯೂನಿಟ್‌ನ ಹೊಟ್ಟೆ ಪೂರ್ತಿ ಖಾಲಿ. ಅಲ್ಲಿ 20 x 40 ಮಿ.ಮೀ. ಸ್ಪೀಕರ್ ಕೂರಿಸಿ, ಪ್ಲಾಸ್ಟಿಕ್ ಹಾಳೆಯಿಂದ ಒಳ್ಳೇ ಪೆಟ್ಟಿಗೆ ಕಟ್ಟಿದೆ. ವ್ಯತ್ಯಾಸ ಕೇಳಿದ ದಿನ ನನಗೆ ಬೇರೆ ಕೆಲಸವೇ ಆಗಲಿಲ್ಲ.

ಇನ್ನೊಂದು ಕಾರಣವೂ ಇದೆ. ಒಂದೇ ಕಂಪನಿಯ ಎರಡು ಮೋಟರ್ ಕೂಡ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ತಳ್ಳುತ್ತದೆ, ಇನ್ನೊಂದು ತಡೆಯುತ್ತದೆ. ಸಮ ಮಾಡಲು ಸಂಜೆಗಟ್ಟಲೆ ಕೂರಬೇಕು. ನನ್ನ ಚಿಕ್ಕ ಗಾಡಿಗೆ ಒಂದೇ ಎಂಜಿನ್ನಿನ ಶಕ್ತಿ ಧಾರಾಳವಾಗಿ ಸಾಕು.

ಮಾಡುವುದು ಹೇಗೆ ಅಂತ ಕೇಳುವವರಿಗೆ ಮೊದಲು ಹೇಳುವುದು ವರ್ಮ್ ಬಗ್ಗೆ. ಬೋಗಿ ಅಂದರೆ ಇಲ್ಲಿ ಡಬ್ಬಿಯಲ್ಲ, ಎಂಜಿನ್ನಿನ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟು; ಅದರ ಮೇಲೆ ತಿರುಪಿನಂಥ ಒಂದು ಗಿಯರ್ ಮಲಗಿರುತ್ತದೆ, ಅದೇ ವರ್ಮ್. ಮೋಟರ್ ಅದನ್ನು ತಿರುಗಿಸಿದರೆ ಚಕ್ರ ತಿರುಗುತ್ತದೆ. ಆದರೆ ಚಕ್ರದ ಕಡೆಯಿಂದ ಅದನ್ನು ತಿರುಗಿಸಲು ಆಗುವುದಿಲ್ಲ. ನಾನು ಮೊದಲ ಸಲ ಸುಮ್ನೆ ಮೋಟರ್ ಮಾತ್ರ ತೆಗೆದು ಹಳಿಗೆ ಇಟ್ಟೆ. ಎಂಟೂ ಚಕ್ರ ಉರುಳದೆ ಹಳಿಯ ಮೇಲೆ ಜಾರಿಕೊಂಡು ಹೋದವು. ಎರಡೂ ಬೋಗಿಯ ಮುಚ್ಚಳ ಬಿಚ್ಚಿ ವರ್ಮ್ ತೆಗೆದೆ, ಮಧ್ಯದ ಗಿಯರ್‌ಗಳನ್ನೂ ತೆಗೆದೆ, ಹಳೇ ಗ್ರೀಸ್ ಒರೆಸಿದೆ. ಆಮೇಲೆ ಬೆರಳು ಸೋಕಿದರೆ ಸಾಕು, ಉರುಳುತ್ತದೆ.

ಎಂಟೂ ಚಕ್ರದಿಂದ ಕರೆಂಟ್ ತಗೊಳ್ಳಿ. ಹಳಿಯಲ್ಲಿ ಧೂಳಿದ್ದರೆ ಮೋಟರ್ ಫ್ಲೈವೀಲ್ ಬಲದಿಂದ ದಾಟಿಬಿಡುತ್ತದೆ, ಸದ್ದು ಹಾಗಲ್ಲ, ಅಲ್ಲೇ ಕತ್ತರಿಸಿ ಹೋಗುತ್ತದೆ. ಕರೆಂಟ್ ತಪ್ಪಿದಾಗ ಒಂದು ಕ್ಷಣ ಸದ್ದನ್ನು ಉಳಿಸುವ ಕೀಪ್-ಅಲೈವ್ ಕೆಪಾಸಿಟರ್ ಹಾಕಿದರೆ ಇನ್ನೂ ಒಳ್ಳೆಯದು. ಲೋಹದ ಚಾಸಿಯನ್ನು ಎಸೆಯಬೇಡಿ. ತೀರಾ ಹಗುರವಾದರೆ ಚಕ್ರ ಹಳಿಯನ್ನು ಗಟ್ಟಿಯಾಗಿ ಒತ್ತುವುದಿಲ್ಲ.

ಹಳಿಯ ಮೂಲಕ ಬರುವ ಆದೇಶ ಕೇಳಿ ಮೋಟರ್, ಸದ್ದು ನಡೆಸುವ ಪುಟ್ಟ ಬೋರ್ಡಿಗೆ ಡಿಕೋಡರ್ ಅನ್ನುತ್ತಾರೆ. ಅದರ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಂಪು, ಕಪ್ಪು ತಂತಿ ಹಳಿಗೆ. ಕಿತ್ತಳೆ, ಬೂದು ತಂತಿ ಮೋಟರಿಗೆ. ಸೆಟ್ಟಿಂಗ್ ಬದಲಿಸಲು ಬಳಸುವ ಪ್ರೋಗ್ರಾಮಿಂಗ್ ಟ್ರ್ಯಾಕಿನಲ್ಲಿ ಡಿಕೋಡರ್ "ಸರಿ, ಕೇಳಿಸಿತು" ಅನ್ನುವುದು ಮೋಟರಿಗೆ ಒಂದು ಕ್ಷಣ ಕರೆಂಟ್ ಬಿಟ್ಟು. ಮೋಟರೇ ಇಲ್ಲದಿದ್ದರೆ ಉತ್ತರವೂ ಇಲ್ಲ. ಆದ್ದರಿಂದ ಕಿತ್ತಳೆ, ಬೂದು ತಂತಿಗಳ ನಡುವೆ 100 ಓಮ್ ರೆಸಿಸ್ಟರ್ ಹಾಕಿ. ಕೆಲಸ ಮುಗಿದ ಕೂಡಲೇ ತೆಗೆದುಬಿಡಿ, ಎರಡು ತಂತಿಯ ತುದಿಗೂ ಬೇರೆ ಬೇರೆ ಟೇಪ್ ಸುತ್ತಿ. ರೆಸಿಸ್ಟರನ್ನು ಒಳಗೇ ಬಿಟ್ಟು ಗಾಡಿ ಓಡಿಸಿದರೆ ಜಾಸ್ತಿ ಬಿಸಿಯಾಗಿ ಪ್ಲಾಸ್ಟಿಕ್ ಕವಚ ಕರಗಬಹುದು. ಆಮೇಲೆ ಎರಡೂ ಯೂನಿಟ್‌ಗೆ ಒಂದೇ ವಿಳಾಸ, ಅಂದರೆ ಕಂಟ್ರೋಲರ್ ಕರೆಯುವ ನಂಬರ್, ಕೊಡಿ. ವೇಗ ಏರುವ, ಇಳಿಯುವ ನಿಧಾನವನ್ನು ಹೇಳುವ ಸಿವಿ 3 ಮತ್ತು ಸಿವಿ 4 ಅನ್ನುವ ಸೆಟ್ಟಿಂಗ್‌ಗಳು ಎರಡರಲ್ಲೂ ಹೊಂದುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಗಾಡಿ ನಿಂತ ಮೇಲೂ ಸದ್ದು ಓಡುತ್ತಲೇ ಇರುತ್ತದೆ.

ಇಷ್ಟೆಲ್ಲ ಒಂದು ಸದ್ದಿಗಾಗಿಯಾ? ಹೌದು. ಎಫ್7 ಒಳಗಿದ್ದದ್ದು 567 ಅನ್ನುವ ಟೂ-ಸ್ಟ್ರೋಕ್ ಡೀಸೆಲ್. 567 ಅನ್ನುವುದು ಒಂದು ಸಿಲಿಂಡರಿನ ಅಳತೆ, ಘನ ಇಂಚಿನಲ್ಲಿ. ಆ ಡೀಸೆಲ್ಲೇ ಬೆಳೆದು 645 ಆಯಿತು, ಆಮೇಲೆ 710. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4 ಎಂಜಿನ್ನುಗಳಲ್ಲಿ ಇರುವುದು ಇದೇ 710. ಅದಕ್ಕೆ ಟರ್ಬೋ ಇದೆ, ಮೇಲೊಂದು ಸಿಳ್ಳೆ ಸೇರುತ್ತದೆ. 567ರಲ್ಲಿ ಆ ಸಿಳ್ಳೆ ಇಲ್ಲ, ಬರೀ ಎದೆಯ ದನಿ. ಆದರೂ ಒಂದೇ ಮನೆತನ ಅಂತ ಕಿವಿಗೆ ಗೊತ್ತಾಗುತ್ತದೆ. ಹುಬ್ಬಳ್ಳಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಆ ಸದ್ದನ್ನು ಕಾಲಿನ ಕೆಳಗೆ ಅನುಭವಿಸಿದವನು ನಾನು. ಉಗುರಿನಷ್ಟು ಸ್ಪೀಕರಿನಲ್ಲಿ ಅದನ್ನು ಕೇಳಿ ತೃಪ್ತಿಪಡಲು ನನಗೆ ಆಗಲಿಲ್ಲ.

ಈಗ ಯಾರಾದರೂ ಆ ಪ್ರಶ್ನೆ ಕೇಳಿದರೆ ಗಾಡಿಯನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿ, ಎಂಜಿನ್ ಐಡಲ್ ಆಗಲು ಬಿಡುತ್ತೇನೆ. ಬಿ ಯೂನಿಟ್‌ನ ಛಾವಣಿ ಮೇಲೆ ಒಂದು ಬೆರಳಿಡಿ ಅನ್ನುತ್ತೇನೆ. ಸಣ್ಣಗೆ ಅದುರುತ್ತಿರುತ್ತದೆ.