ಕಿಲೋಮೀಟರ್ ನೋಡಿ ಬೆಲೆ ಕಟ್ಟಿದ ಕೂಪೆ

ತುಮಕೂರಿನ ಶಿರಾ ಗೇಟ್ ಬಳಿಯ ಹಳೆಯ ಕಾರುಗಳ ಯಾರ್ಡ್ ಒಂದರಲ್ಲಿ ಹನ್ನೊಂದು ವರ್ಷಗಳಿಂದ ಗಾಡಿಗಳಿಗೆ ಬೆಲೆ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಸ್ವಿಫ್ಟ್, ಐ20, ಇನ್ನೋವಾಗಳ ಮಟ್ಟಿಗೆ ಇದು ಬಾಯಿಲೆಕ್ಕದ ಕೆಲಸ. ಯಾವ ವರ್ಷದ್ದು, ಎಷ್ಟು ಓಡಿದೆ, ಎಷ್ಟನೆಯ ಮಾಲೀಕರು, ಟಿಂಕರಿಂಗ್ ಆಗಿದೆಯೇ ಎಂಬುದು ತಿಳಿದರೆ ಹತ್ತು ಸಾವಿರ ರೂಪಾಯಿಯ ಆಚೀಚೆಯಲ್ಲಿ ಬೆಲೆ ಹೇಳಿಬಿಡಬಹುದು, ಏಕೆಂದರೆ ಅಂಥದ್ದೇ ಗಾಡಿ ಹೋದ ವಾರ ನಮ್ಮಲ್ಲಿಯೇ ಮಾರಾಟವಾಗಿರುತ್ತದೆ. 2023ರಲ್ಲಿ ಗುಬ್ಬಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು 2011ರ ಆಡಿ ಟಿಟಿ ಕೂಪೆಯನ್ನು, ಅಂದರೆ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನು, ತಂದು ನಿಲ್ಲಿಸಿದಾಗ ನಾನು ಅದಕ್ಕೂ ಇದೇ ಲೆಕ್ಕವನ್ನು ಹಚ್ಚಿದೆ.

ಗಾಡಿ ಓಡಿದ್ದು 41,000 ಕಿಲೋಮೀಟರ್ ಮಾತ್ರ. ಮೀಟರ್ ತಿರುಗಿಸಿರಬಹುದೆಂದು ಮೊದಲು ಅನುಮಾನಿಸಿ ಹಳೆಯ ವಿಮೆ ಪತ್ರಗಳನ್ನೂ ಸ್ಟೀರಿಂಗ್, ಪೆಡಲ್‌ಗಳ ಸವೆತವನ್ನೂ ನೋಡಿದೆ, ಅಂಕಿ ನಿಜವಾಗಿತ್ತು. ಅವರು ಕೇಳಿದ್ದು 16 ಲಕ್ಷ. ಅಂತರ್ಜಾಲದ ಜಾಹೀರಾತುಗಳಲ್ಲಿ ಆ ವಯಸ್ಸಿನ ಟಿಟಿಗಳಿಗೆ 15ರಿಂದ 18 ಲಕ್ಷ ಎಂದು ಬರೆದಿದ್ದರು. ಅವೆಲ್ಲ ಮಾರುವವರು ಬಯಸಿದ ಬೆಲೆಗಳೇ ಹೊರತು ಯಾರೋ ಕೊಟ್ಟ ಬೆಲೆಗಳಲ್ಲ ಎಂಬುದು ನನಗೆ ಗೊತ್ತಿತ್ತಾದರೂ, ಗೊತ್ತಿದ್ದೂ ಅವುಗಳನ್ನೇ ಆಧಾರವಾಗಿ ಇಟ್ಟುಕೊಂಡೆ. ವಿಮೆಯ ಪತ್ರದಲ್ಲಿದ್ದ ಐಡಿವಿಯನ್ನೂ, ಅಂದರೆ ವಿಮೆಗಾಗಿ ಗಾಡಿಗೆ ಘೋಷಿಸಿದ ಮೌಲ್ಯವನ್ನೂ, ತೋರಿಸಿದರು. ಐದು ವರ್ಷ ದಾಟಿದ ಗಾಡಿಗೆ ಆ ಮೌಲ್ಯವನ್ನು ನಿಗದಿತ ಸವಕಳಿ ಪಟ್ಟಿಯಿಂದ ತೆಗೆಯುವುದಿಲ್ಲ. ವಿಮೆ ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿಕೊಂಡ ಮೊತ್ತವೇ ಐಡಿವಿ ಆಗುತ್ತದೆ. ಆದ್ದರಿಂದ ಹನ್ನೆರಡು ವರ್ಷದ ಕೂಪೆಯ ಬೆಲೆಗೆ ಅದು ಸಾಕ್ಷಿಯೇ ಅಲ್ಲ. ಮಾತುಕತೆಯಾಗಿ 13,25,000 ರೂಪಾಯಿಗೆ ಕೊಂಡೆವು, ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದೆವು.

ಅಂದೇ ಒಂದು ಎಚ್ಚರಿಕೆ ಕಣ್ಣೆದುರಿಗೇ ಬಂದಿತ್ತು. ನಮ್ಮ ಹುಡುಗ ಬಣ್ಣದ ದಪ್ಪ ಅಳೆಯುವ ಮೀಟರನ್ನು ಬಾಗಿಲಿಗೆ ಇಟ್ಟಾಗ 120 ಮೈಕ್ರಾನಿನ ಆಸುಪಾಸಿನಲ್ಲಿ ಅಂಕಿ ಬಂತು, ಅಂದರೆ ಕಂಪನಿಯ ಬಣ್ಣವೇ. ಬಾನೆಟ್ಟಿಗೂ ಮುಂದಿನ ಮಡ್‌ಗಾರ್ಡಿಗೂ ಇಟ್ಟರೆ ಏನೂ ಬರಲಿಲ್ಲ. "ಅಣ್ಣಾ, ಇದು ಡೂಪ್ಲಿಕೇಟ್ ಬಾನೆಟ್ ಇರ್ಬೇಕು, ಮ್ಯಾಗ್ನೆಟ್ಟೂ ಹಿಡೀತಿಲ್ಲ" ಎಂದ. ಅದು ಡೂಪ್ಲಿಕೇಟ್ ಅಲ್ಲವೆಂದು ಹೇಳಿ ನಾನು ಅವನನ್ನು ಸುಮ್ಮನಾಗಿಸಿದೆ, ನನ್ನ ಮಾತು ನಿಜವೂ ಆಗಿತ್ತು. ಆ ಪೀಳಿಗೆಯ ಟಿಟಿ ಕೂಪೆಯ ಒಡಲಿನಲ್ಲಿ ಶೇಕಡಾ 69ರಷ್ಟು ಅಲ್ಯುಮಿನಿಯಂ ಇದೆ. ತೂಕವನ್ನು ಹಿಂದಕ್ಕೆ ಹಂಚುವ ಸಲುವಾಗಿ ಬಾಗಿಲು, ಡಿಕ್ಕಿ ಮತ್ತು ಹಿಂಭಾಗದ ತಳವನ್ನು ಉಕ್ಕಿನಲ್ಲಿ ಮಾಡಿದ್ದಾರೆ. ನಮ್ಮ ಮೀಟರು ಉಕ್ಕನ್ನು ಮಾತ್ರ ಓದಬಲ್ಲದು. ಆದರೆ ಓದಲಾಗದ ಭಾಗವನ್ನು ಓದಬಲ್ಲ ಮೀಟರು ತರಿಸಿ ನೋಡಬೇಕಿದ್ದ ನಾನು, ಅಂಕಿ ಬಾರದಿದ್ದುದನ್ನೇ ದೋಷ ಇಲ್ಲವೆಂದು ತಿಳಿದುಕೊಂಡೆ. ಎರಡು ವಾರಗಳ ನಂತರ ಬೆಂಗಳೂರಿನ ಗ್ಯಾರೇಜ್ ಒಂದರಲ್ಲಿ ಅಲ್ಯುಮಿನಿಯಂ ಓದುವ ಮೀಟರು ಇಟ್ಟಾಗ ಬಲಗಡೆಯ ಮಡ್‌ಗಾರ್ಡಿನಲ್ಲಿ 600 ಮೈಕ್ರಾನಿಗಿಂತ ಹೆಚ್ಚು ತೋರಿಸಿತು, ಅಂದರೆ ಒಳಗೆ ಡೆಂಟ್ ಮುಚ್ಚಲು ಮೆತ್ತಿದ ಪುಟ್ಟಿ ಇತ್ತು. ಉಕ್ಕಿನ ಡೆಂಟನ್ನು ಬಡಿದು ಸರಿಮಾಡುವ ನಮ್ಮೂರಿನ ಟಿಂಕರ್‌ಗಳಿಗೆ ಅಲ್ಯುಮಿನಿಯಂ ಕೆಲಸಕ್ಕೆ ಬೇಕಾದ ಬೇರೆಯ ಉಪಕರಣಗಳಿಲ್ಲ, ಕೊಳ್ಳುವವರಿಗೂ ಇದು ಗೊತ್ತಿರುತ್ತದೆ.

ಉಳಿದ ಪಾಠ ಕಡಿಮೆ ಕಿಲೋಮೀಟರಿನದು. ಆ ಗಾಡಿಯ ಎಸ್-ಟ್ರಾನಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆಯಲ್ಲಿ ಮುಳುಗಿರುವ ಎರಡು ಕ್ಲಚ್‌ಗಳಿವೆ. ಆ ಎಣ್ಣೆಯನ್ನೂ ಫಿಲ್ಟರನ್ನೂ 60,000 ಕಿಲೋಮೀಟರಿಗೊಮ್ಮೆ ಬದಲಿಸಬೇಕೆಂಬುದು ವಾಡಿಕೆ. ನಮ್ಮ ಗಾಡಿ ಆ ಅಂಕಿಯನ್ನು ಮುಟ್ಟಿಯೇ ಇರಲಿಲ್ಲವಾದ್ದರಿಂದ ಹನ್ನೆರಡು ವರ್ಷ ಯಾರೂ ಎಣ್ಣೆಯನ್ನು ಮುಟ್ಟಿರಲಿಲ್ಲ. ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಹಾಲ್ಡೆಕ್ಸ್ ಜೋಡಣೆಯ ಎಣ್ಣೆಯದೂ ಅದೇ ಕಥೆ. ಟೈರುಗಳ ಹಲ್ಲು ಹೊಸದರಂತೆ ಕಾಣುತ್ತಿತ್ತು, ಆದರೆ ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ 2214 ಎಂದಿತ್ತು, ಅಂದರೆ 2014ರ 22ನೆಯ ವಾರದಲ್ಲಿ ತಯಾರಾದವು. ಒಂಬತ್ತು ವರ್ಷದ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ದೇವರಾಯನದುರ್ಗದ ಏರುದಾರಿಯ ತಿರುವುಗಳಲ್ಲಿ ಓಡಿಸಿ ನೋಡಿದಾಗ ಮುಂದಿನ ಸಸ್ಪೆನ್ಷನ್ ಬುಷ್‌ಗಳ ಲೊಟಲೊಟ ಸದ್ದು ಕೇಳಿಸಿತು. ಕೊಳ್ಳುವ ಮೊದಲು ನಾನು ಓಡಿಸಿದ್ದು ಹೆದ್ದಾರಿಯಲ್ಲಿ ಕ್ಯಾತಸಂದ್ರದವರೆಗೆ ಮಾತ್ರ, ಅಲ್ಲಿ ಯಾವ ಗಾಡಿಯೂ ಚೆನ್ನಾಗಿಯೇ ಓಡುತ್ತದೆ.

ಎಂಜಿನ್ನಿನ ವಿಷಯದಲ್ಲಿ ಇನ್ನೊಂದು ಅಚಾತುರ್ಯ ನಡೆದಿತ್ತು. ಈ ಎರಡು ಲೀಟರಿನ, 211 ಅಶ್ವಶಕ್ತಿಯ ಟರ್ಬೊ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇರುತ್ತದೆ. ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಸಡಿಲವಾಗಿದ್ದರೆ ರಾತ್ರಿಯಿಡೀ ತಣ್ಣಗೆ ನಿಂತ ಗಾಡಿಯನ್ನು ಬೆಳಗ್ಗೆ ಚಾಲೂ ಮಾಡಿದಾಗ ಮೊದಲ ಎರಡು ಮೂರು ಸೆಕೆಂಡು ಕರಕರ ಸದ್ದು ಬಂದು ನಿಂತುಹೋಗುತ್ತದೆ. ಗುಬ್ಬಿಯಿಂದ ಬಿಸಿ ಎಂಜಿನ್ನಿನಲ್ಲಿ ಬಂದ ಗಾಡಿಯಲ್ಲಿ ಆ ಸದ್ದನ್ನು ಕೇಳುವುದು ಹೇಗೆ? ಮಾಲೀಕರು ಏನನ್ನೂ ಮುಚ್ಚಿಡಲಿಲ್ಲ, ನಾನೇ ಅವರ ಮನೆಗೆ ಹೋಗಬೇಕಿತ್ತು. ಈಗ ಹೋಗುತ್ತೇನೆ, ಬೆಳಗ್ಗೆ ಏಳಕ್ಕೆ, ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತಣ್ಣಗಿದೆಯೇ ಎಂದು ನೋಡಿ.

ಟೈರು, ಎಣ್ಣೆಗಳು, ಬುಷ್, ಟೆನ್ಷನರ್, ಮಡ್‌ಗಾರ್ಡ್ ಎಲ್ಲ ಸೇರಿ 2,85,000 ರೂಪಾಯಿ ಖರ್ಚಾಯಿತು. ಗಾಡಿ ಏಳು ತಿಂಗಳು ಯಾರ್ಡಿನಲ್ಲಿ ನಿಂತಿತು. ನೋಡಲು ಊರಿನವರೆಲ್ಲ ಬಂದರು, ಹುಡುಗರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಹಿಂದಿನ ಸೀಟಿನಲ್ಲಿ ಮಕ್ಕಳಷ್ಟೇ ಕೂರಬಲ್ಲ, ರಸ್ತೆಯ ಪ್ರತಿ ಹಂಪ್‌ಗೂ ತಳ ಉಜ್ಜೀತೆಂದು ಹೆದರಬೇಕಾದ ಎರಡು ಬಾಗಿಲಿನ ಗಾಡಿಯನ್ನು ಕೊಳ್ಳಲು ಮಾತ್ರ ಯಾರೂ ಮುಂದಾಗಲಿಲ್ಲ. ಕೊನೆಗೆ ಬೆಂಗಳೂರಿನ ಪಾರ್ಟಿಯೊಬ್ಬರು 14,60,000ಕ್ಕೆ ಒಯ್ದರು. ಬಡ್ಡಿಯನ್ನು ಬಿಟ್ಟರೂ ಒಂದೂವರೆ ಲಕ್ಷ ನಷ್ಟ.

ಅಂದಿನಿಂದ ಇಂಥ ಗಾಡಿಯ ಬೆಲೆಯನ್ನು ನಾನು ಹಿಂದಿನಿಂದ ಮುಂದಕ್ಕೆ ಕಟ್ಟುತ್ತೇನೆ. ಚೆನ್ನಾಗಿ ಇಟ್ಟುಕೊಂಡ ಅದೇ ಮಾದರಿಯ ಗಾಡಿ ಎಷ್ಟಕ್ಕೆ ಕೈಬದಲಾಯಿತೆಂದು ಬೆಂಗಳೂರಿನ ಇಬ್ಬರು ಮೂವರು ಬ್ರೋಕರ್‌ಗಳನ್ನೂ ಗ್ಯಾರೇಜಿನವರನ್ನೂ ಕೇಳಿ, ಆ ಮೊತ್ತದಿಂದ ಲಿಖಿತ ಎಸ್ಟಿಮೇಟನ್ನು ಕಳೆಯುತ್ತೇನೆ. ನಂತರ ಆರ್‌ಸಿಯ ಉಳಿದ ಆಯುಸ್ಸನ್ನು ನೋಡುತ್ತೇನೆ. ಹದಿನೈದು ವರ್ಷಕ್ಕೆ ಖಾಸಗಿ ಕಾರಿನ ನೋಂದಣಿ ಮುಗಿಯುತ್ತದೆ, ಫಿಟ್‌ನೆಸ್ ತಪಾಸಣೆಯಾಗಿ ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಸಾಮಾನ್ಯ ಕಾರಿಗೆ 5,000, ಆಮದು ಕಾರಿಗೆ 40,000 ರೂಪಾಯಿ. ದೆಹಲಿಯಲ್ಲಿ ಹಳೆಯ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಅಗ್ಗದ ಕೂಪೆಗಳು ದಕ್ಷಿಣಕ್ಕೆ ಬರುತ್ತಿವೆ, ಅಲ್ಲಿನ ಆರ್‌ಟಿಒದಿಂದ ಪಡೆಯಬೇಕಾದ ನಿರಾಕ್ಷೇಪಣಾ ಪತ್ರದ (ಎನ್‌ಒಸಿ) ಅಲೆದಾಟವನ್ನೂ ಇಲ್ಲಿ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನೂ ಕೂಡಿಸಿದರೆ ಆ ಅಗ್ಗ ಬಹುಪಾಲು ಕರಗಿಹೋಗುತ್ತದೆ. ಕಡೆಗೆ ಆರು ತಿಂಗಳ ಬಡ್ಡಿಯನ್ನು ಮೊದಲೇ ಕಳೆದಿಡುತ್ತೇನೆ.

ಕಳೆದ ವರ್ಷ ನಿವೃತ್ತ ಎಂಜಿನಿಯರ್ ಒಬ್ಬರು 92,000 ಕಿಲೋಮೀಟರ್ ಓಡಿದ 2012ರ ಟಿಟಿಯನ್ನು ಮಾರಬೇಕೆಂದರು. ನಾನು ಮನೆಗೆ ಹೋದಾಗ ಗಾಡಿ ತಣ್ಣಗಿತ್ತು, ಚಾಲೂ ಮಾಡಿದಾಗ ಸದ್ದಿರಲಿಲ್ಲ, ದಪ್ಪನೆಯ ಫೈಲಿನಲ್ಲಿ 58,000ಕ್ಕೆ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ಬಿಲ್ ಇತ್ತು. "ತುಂಬಾ ಓಡಿಬಿಟ್ಟಿದೆ, ಹನ್ನೆರಡು ಲಕ್ಷ ಬಂದರೆ ಸಾಕು ಸರ್" ಎಂದರು. ಯಾರ್ಡಿಗೆ ಫೋನ್ ಮಾಡಿ ನಮ್ಮ ಯಜಮಾನರೊಡನೆ ಮಾತನಾಡಿ ಹದಿಮೂರು ಹೇಳಿದೆ. ಯಜಮಾನರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಗಾಡಿ ಐದು ವಾರಗಳಲ್ಲಿ ಹೋಯಿತು, ಎರಡನೆಯ ಕೀ ಇಲ್ಲದ ಕಾರಣಕ್ಕೆ ಕೊಂಡವರು ಕೊನೆಯ ಗಳಿಗೆಯಲ್ಲಿ ಇಪ್ಪತ್ತೈದು ಸಾವಿರ ಮುರಿದುಕೊಂಡರು.