ಉಪಸಂಹಾರಕ್ಕೆ ಮೊದಲು

ನವನಗರ, ಬಾಗಲಕೋಟೆ
2 ನವೆಂಬರ್ 2025, ಭಾನುವಾರ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಮಕ್ಕಳು ಕೊಟ್ಟ ಬರಹಗಳನ್ನೆಲ್ಲ ಇವತ್ತು ಓದಿ ಮುಗಿಸಿದೆ. ಈ ಸಲ ನಾವು ವಿಷಯ ಅಂತ ಏನೂ ಕೊಟ್ಟಿರಲಿಲ್ಲ. ಏನು ಬೇಕಾದರೂ ಬರೀರಿ, ನಿಮ್ಮ ಮನೆಯದೇ ಆದರೂ ಸರಿ ಅಂದಿದ್ದೆವು. ಆದರೂ ಒಂದಾದ ಮೇಲೊಂದು ಓದುತ್ತ ಹೋದರೆ ಮೂರು ಸಂಗತಿಗಳು ಮತ್ತೆ ಮತ್ತೆ ಎದುರಾಗುತ್ತವೆ: ಮುಪ್ಪು, ಬೆಳಕು, ಭರವಸೆ.

ಇಪ್ಪತ್ತರ ಹುಡುಗ ಹುಡುಗಿಯರು ಬರೆದರೆ ಪ್ರೀತಿಯ ಬಗ್ಗೆಯೇ ಬರೆಯುತ್ತಾರೆ ಅಂತ ಜನ ತಿಳಿದಿರುತ್ತಾರೆ. ಅದೂ ಇದೆ. ಆದರೆ ಅದಕ್ಕಿಂತ ಜಾಸ್ತಿ ಇರುವವರು ಅಜ್ಜ ಮತ್ತು ಆಯಿ, ಅಂದರೆ ಅಜ್ಜಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಿಂದ, ಪಕ್ಕದ ವಿಜಯಪುರದಿಂದ ದುಡಿಯಲು ಗೋವಾ, ಮಹಾರಾಷ್ಟ್ರ, ಮಂಗಳೂರು ಕಡೆ ಹೋದವರು ಎಷ್ಟೊಂದು ಮಂದಿ. ಅಪ್ಪ ಅವ್ವ ಅಲ್ಲಿ, ಮಕ್ಕಳು ಇಲ್ಲಿ. ರೊಟ್ಟಿ ಬಡಿದು ಶಾಲೆಗೆ ಕಳಿಸಿದವಳು ಆಯಿ. ಶಾಲೆಯ ಫಾರ್ಮಿನ ಮೇಲೆ ಹೆಬ್ಬೆಟ್ಟು ಒತ್ತಿದವನು ಅಜ್ಜ. ಈ ಮಕ್ಕಳು ಮುಪ್ಪನ್ನು ಪುಸ್ತಕದಲ್ಲಿ ನೋಡಿದವರಲ್ಲ. ಅದರ ಪಕ್ಕದಲ್ಲೇ ಹಾಸಿಗೆ ಹಾಸಿ ಮಲಗಿ ಬೆಳೆದವರು.

ಹಾಗಾಗಿಯೇ ಈ ಬರಹಗಳ ನಡುಭಾಗ ಅಷ್ಟು ಚೆನ್ನಾಗಿದೆ. ನಡುಭಾಗ ಅಂತ ಬೇಕಂತಲೇ ಹೇಳುತ್ತಿದ್ದೇನೆ. ಹೈಸ್ಕೂಲಿನಲ್ಲಿ ಪ್ರಬಂಧ ಬರೆಯುವುದನ್ನು ನಾವು ಹೇಗೆ ಕಲಿಸುತ್ತೇವೆ ಅಂತ ಎಲ್ಲರಿಗೂ ಗೊತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪರೀಕ್ಷೆಯಲ್ಲಿ ಮೂರೂ ಇರಬೇಕು, ಇಲ್ಲದಿದ್ದರೆ ಅಂಕ ಹೋಗುತ್ತದೆ. ಡಿಗ್ರಿಗೆ ಬಂದ ಮೇಲೂ ಕೈ ಅದನ್ನು ಮರೆತಿರುವುದಿಲ್ಲ. ಪೀಠಿಕೆಯಲ್ಲಿ ಬೆಳಕು ಜ್ಞಾನದ ಸಂಕೇತವಾಗುತ್ತದೆ. ಉಪಸಂಹಾರದಲ್ಲಿ ನಾವೆಲ್ಲರೂ ಸೇರಿ ಭರವಸೆಯ ಬೆಳಕಿನತ್ತ ಸಾಗುತ್ತೇವೆ. ನಡುವೆ ಮಾತ್ರ ಬೇರೆ ಯಾರೋ ಕುಳಿತು ಬರೆದ ಹಾಗೆ, ನಿಜವಾದ ಅಜ್ಜ, ನಿಜವಾದ ಬೆಳಕು.

ಗುಳೇದಗುಡ್ಡದ ಹುಡುಗನೊಬ್ಬ ತನ್ನ ಅಜ್ಜನ ಕಣ್ಣಿನ ಬಗ್ಗೆ ಬರೆದಿದ್ದಾನೆ. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಮನೆ. ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕುಣಿ ಮಗ್ಗ. ಮನೆಯ ಒಂದೇ ದೊಡ್ಡ ಕಿಟಕಿಯ ಪಕ್ಕ ಮಗ್ಗಕ್ಕೇ ಜಾಗ, ಮನುಷ್ಯರಿಗೆ ಉಳಿದದ್ದು. ಅಜ್ಜನ ಕಣ್ಣಿಗೆ ಪೊರೆ ಬಂದು ವರ್ಷಗಳೇ ಆಗಿದ್ದವು. ಆದರೂ ನೇಯುತ್ತಿದ್ದ. ಎಳೆ ಕಡಿದರೆ ಬೆರಳಿಗೆ ಗೊತ್ತಾಗುತ್ತಿತ್ತಂತೆ. ಕೊನೆಗೆ ಶಿಬಿರದಲ್ಲಿ ಆಪರೇಷನ್ ಆಯಿತು. ಹಸಿರು ಪಟ್ಟಿ ಬಿಚ್ಚಿ, ನಾಲ್ಕು ದಿನ ಬಿಟ್ಟು ಮಗ್ಗಕ್ಕೆ ಬಂದು ಕೂತವನು ನೀಲಿ ನೂಲು ನೋಡಿ ಸಿಟ್ಟಿಗೆದ್ದ. ಇದು ನಾ ಹೇಳಿದ ಬಣ್ಣ ಅಲ್ಲ, ನೂಲಿನವರು ಬೇರೆ ಕೊಟ್ಟಾರ ಅಂತ ಜಗಳಕ್ಕೆ ಹೊರಟೇಬಿಟ್ಟ.

ನೂಲು ಬದಲಾಗಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಪೊರೆ ಬಲಿತರೆ ಕಂದು ತಿರುಗುತ್ತದೆ. ಅಂಥ ಮಸೂರ ಎಲ್ಲಕ್ಕಿಂತ ಹೆಚ್ಚಾಗಿ ತಡೆಯುವುದು ನೀಲಿಯನ್ನೇ. ಇದು ಎಷ್ಟು ನಿಧಾನ ಆಗುತ್ತದೆ ಅಂದರೆ ಆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಮಾಸಿದ ಬಣ್ಣವೇ ಬಣ್ಣ ಅಂದುಕೊಂಡಿರುತ್ತಾನೆ. ಹಳೆಯ ಮಸೂರ ತೆಗೆದು ಹೊಸದು ಹಾಕಿದ ಮೇಲೆ ನೀಲಿ ಒಮ್ಮೆಲೇ ಕಣ್ಣಿಗೆ ಹೊಡೆಯುತ್ತದೆ. ಆ ಹುಡುಗ ಇದನ್ನು ತಿಳಿದವರನ್ನು ಕೇಳಿಕೊಂಡು ಬಂದು ಬರೆದಿದ್ದಾನೆ. ಅದು ನನಗೆ ತುಂಬಾ ಹಿಡಿಸಿತು. ಬೆಳಕಿನ ಬಗ್ಗೆ ಬರೆಯುವವನು ಬೆಳಕು ಹೇಗೆ ಕಣ್ಣೊಳಗೆ ಹೋಗುತ್ತದೆ ಅಂತ ತಿಳಿದುಕೊಂಡರೆ ಬರಹಕ್ಕೆ ಬಲ ಬರುತ್ತದೆ.

ಮುಂದಿನದು ಇನ್ನೂ ಚೆನ್ನಾಗಿದೆ. ಅಜ್ಜ ಟ್ರಂಕು ತೆಗೆಸಿದ. ಮನೆಯಲ್ಲಿ ಉಳಿದಿದ್ದ ಹಳೆಯ ಖಣದ ತುಂಡುಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡಿದ. ಅವುಗಳಲ್ಲೂ ಅದೇ ನೀಲಿ. ತಾನೇ ನೇಯ್ದದ್ದು, ತಾನೇ ನೋಡಿರಲಿಲ್ಲ. ಸಂಜೆತನಕ ಮಾತಾಡಲಿಲ್ಲವಂತೆ. ಮರುದಿನ ಮೊಮ್ಮಗನನ್ನು ಕರೆದು, ದಡಿಗೆ ಈ ನೀಲಿ ಬ್ಯಾಡ, ಇದರ ಬಾಜೂದ್ದು ಹಾಕೂಣು ಅಂದ. ಎಪ್ಪತ್ತು ದಾಟಿದ ಮನುಷ್ಯ ಹೊಸ ಜೋಡಿ ಬಣ್ಣ ಹುಡುಕುತ್ತಿದ್ದಾನೆ. ಇಷ್ಟು ಓದಿ ನಾನು ಕಾಗದ ಕೆಳಗಿಟ್ಟು ಸುಮ್ನೆ ಕೂತೆ. ಇದಕ್ಕಿಂತ ದೊಡ್ಡ ಭರವಸೆ ಯಾವ ಕವಿತೆಯಲ್ಲಿದೆ?

ಆದರೆ ಬರಹ ಅಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಪ್ಯಾರಾ ಇದೆ. ಹಿರಿಯರು ಸಮಾಜದ ದಾರಿದೀಪ, ಅವರನ್ನು ಗೌರವಿಸೋಣ ಅಂತ. ಆ ನೀಲಿ ನೂಲಿನ ಪಕ್ಕ ಈ ಸಾಲು ನೋಡಿ ನನಗೆ ನಿಜಕ್ಕೂ ನೋವಾಯಿತು. ಹುಡುಗ ಅಜ್ಜನನ್ನು ಕಣ್ಣಾರೆ ಕಂಡು ಬರೆದಿದ್ದಾನೆ, ಕೊನೆಗೆ ಗೈಡು ಬಂದು ಅವನ ಕೈಯಿಂದ ಪೆನ್ನು ಕಿತ್ತುಕೊಂಡಿದೆ.

ಬಾಗಲಕೋಟೆಯವಳೇ ಆದ ಒಬ್ಬ ಹುಡುಗಿ ತನ್ನ ಆಯಿಯ ಬಗ್ಗೆ ಬರೆದಿದ್ದಾಳೆ. ಆಯಿಯ ಮನೆ ಹಳೆ ಊರಿನಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭಾ ನದಿಯ ಗುಂಟ ಮೇಲೇರಿ ಬಂದು ಊರಿನ ಎಷ್ಟೋ ಭಾಗ ಮುಳುಗಿದಾಗ ಆ ಮನೆಯೂ ಹೋಯಿತು. ಆಮೇಲೆ ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಸೆಕ್ಟರು. ಇಲ್ಲಿನವರಿಗೆ ಈ ಕತೆ ಹೊಸದಲ್ಲ, ನಮ್ಮ ಊರನ್ನು ಮುಳುಗಡೆ ಊರು ಅಂತಲೇ ಕರೆಯುತ್ತಾರೆ. ಆದರೆ ಈ ಹುಡುಗಿ ನೀರಿನ ಬಗ್ಗೆ ಒಂದು ಸಾಲೂ ಬರೆದಿಲ್ಲ. ಬರೆದಿರುವುದು ಬೆಳಕಿಂಡಿಯ ಬಗ್ಗೆ.

ಹಳೆಯ ಮನೆ ಮಾಳಿಗೆ ಮನೆ. ಮಣ್ಣಿನ ಮೇಲ್ಮುದ್ದೆ, ದಪ್ಪ ಗೋಡೆ, ಕಿಟಕಿ ಕಡಿಮೆ. ನಡುಮನೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯಿಂದ. ಆಯಿ ಜೋಳ ಹಸನು ಮಾಡಲು ಆ ಬಿಸಿಲಿನ ತುಂಡಿನಲ್ಲೇ ಮೊರ ಹಿಡಿದು ಕೂರುತ್ತಿದ್ದಳು. ಬಿಸಿಲು ಸರಿದಂತೆ ಅವಳೂ ಸರಿಯುತ್ತಿದ್ದಳು. ಒರಳಿನ ಹತ್ತಿರ ಬಂದರೆ ರೊಟ್ಟಿಗೆ ಹೊತ್ತಾಯಿತು. ಗೋಡೆ ಹತ್ತಿದರೆ ಎಮ್ಮೆಗೆ ನೀರು ಕುಡಿಸುವ ಹೊತ್ತು. ಹೊಸ ಮನೆಗೆ ಆರ್‌ಸಿಸಿ ಛತ್ತು, ಎಲ್ಲ ಕೋಣೆಗೂ ಟ್ಯೂಬ್‌ಲೈಟ್. ಮೊದಲಿಗಿಂತ ಬೆಳಕು ಜಾಸ್ತಿ. ಆದರೆ ಅಲುಗಾಡದ ಬೆಳಕು. ಆಯಿ ದಿನವಿಡೀ ಎಷ್ಟಾತು ಟೈಮು ಅಂತ ಕೇಳುತ್ತಾಳೆ. ಮನೆಯವರು ಅದನ್ನು ಅರಳು ಮರಳು ಅಂತ ತಿಳಿದರು. ಹುಡುಗಿ ಬರೆಯುತ್ತಾಳೆ: ನಮ್ಮ ಆಯಿಗೆ ಮರೆವು ಬಂದಿಲ್ಲ, ಅಕೀ ಗಡಿಯಾರ ನೀರಾಗ ಐತಿ.

ಈ ಸಾಲನ್ನು ಬರೆಯಲು ನನಗೆ ಸಾಧ್ಯವಾಗುತ್ತಿರಲಿಲ್ಲ. ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದರೂ ಆಗುತ್ತಿರಲಿಲ್ಲ. ಅವಳು ಆ ಮೊರದ ಪಕ್ಕ ಕೂತು ಆಯಿಯ ಮಾತು ಕೇಳಿದ್ದಾಳೆ, ಅದಕ್ಕೇ ಬಂದಿದೆ.

ಅದೇ ನೀರಿನ ಇನ್ನೊಂದು ಬರಹ ನದಿದಂಡೆಯ ಹಳ್ಳಿಯ ಹುಡುಗನದು. ಅವನ ಊರು ಇನ್ನೂ ಮುಳುಗಿಲ್ಲ, ಮುಳುಗುವ ಪಟ್ಟಿಯಲ್ಲಿದೆ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಅವನ ಅಜ್ಜ ಆಗ ಸಣ್ಣ ಹುಡುಗ. ಈಗ ನೀರು ನಿಲ್ಲುವ ಮಟ್ಟ 519.60 ಮೀಟರ್. ಕೃಷ್ಣಾ ನದಿ ನೀರು ಹಂಚಿಕೆಯ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರ್‌ವರೆಗೆ ಎತ್ತರಿಸಲು ಒಪ್ಪಿತು. ಅಂದಿನಿಂದ ಆ ಎರಡು ಅಂಕಿಗಳ ನಡುವೆ ಇರುವ ಹೊಲ, ಮನೆ, ಗುಡಿಗಳೆಲ್ಲ ಕಾಯುತ್ತ ಕೂತಿವೆ. ಅಜ್ಜನಿಗೆ ಓದಲು ಬರುವುದಿಲ್ಲ. ಆದರೆ ಐನೂರ ಇಪ್ಪತ್ನಾಕು ಪಾಯಿಂಟ್ ಎರಡ್ನೂರ ಐವತ್ತಾರು ಅಂತ ಒಂದಕ್ಷರ ತಪ್ಪದೆ ಹೇಳುತ್ತಾನಂತೆ. ಹೇಗಿದ್ದರೂ ಮುಳುಗುವ ಮನೆ ಅಂತ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದನ್ನು ಬಿಟ್ಟಿದ್ದಾರೆ. ಬಾಗಿಲಿಗೆ ಬಣ್ಣ ಇಲ್ಲ. ಸೊಸೆ ಹೊಸ ಅಡುಗೆಮನೆ ಕೇಳಿದರೆ ಪರಿಹಾರ ಬರಲಿ ಅನ್ನುತ್ತಾರೆ. ಅಜ್ಜನ ಜೊತೆ ಮನೆಗೂ ವಯಸ್ಸಾಗುತ್ತಿದೆ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗುವ ಭೂಮಿಗೆ ಪರಿಹಾರ ಗೊತ್ತು ಮಾಡಿ, ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಅಂತ ತೀರ್ಮಾನಿಸಿತು. ಆ ದಿನ ಟಿವಿ ಮುಂದೆ ಕೂತಿದ್ದ ಅಜ್ಜನ ಮುಖವನ್ನು ಹುಡುಗ ವಿವರಿಸಿದ್ದಾನೆ. ನಗಲಿಲ್ಲ. ಎದ್ದು ಹೋಗಿ ದನ ಕಟ್ಟಿ ಬಂದ. ರಾತ್ರಿ ಊಟಕ್ಕೆ ಕೂತಾಗ, ಮಾಳಗಿ ಒಂದ್ ಕಡಿ ಸೋರತೈತಿ, ಮಣ್ಣ ಹಾಕಸೂಣೇನು ಅಂದ. ಮುಳುಗುವ ಮನೆಗೆ ಮಣ್ಣು! ಹುಡುಗನಿಗೆ ಇದು ಅರ್ಥವಾಗಿಲ್ಲ. ಅರ್ಥವಾಗಿಲ್ಲ ಅಂತಲೇ ಬರೆದಿದ್ದಾನೆ. ಅಜ್ಜನಿಗೆ ನಂಬಿಕೆ ಬಂತೋ, ನಂಬಿಕೆ ಹೋಯಿತೋ ತಿಳಿಯಲಿಲ್ಲ ಅಂತ. ಈ ಒಂದು ವಾಕ್ಯಕ್ಕಾಗಿ ಇಡೀ ಸಂಚಿಕೆ ತರಬಹುದು ಅನ್ನಿಸಿತು ನನಗೆ.

ಕವನಗಳ ಬಗ್ಗೆ ಹೆಚ್ಚು ಬರೆಯಲಾರೆ. ಹಣತೆ, ಹಾದಿ, ಹೊಂಗಿರಣ, ಇವೇ ಸುತ್ತಿ ಸುತ್ತಿ ಬಂದಿವೆ. ಎರಡೋ ಮೂರೋ ಇಟ್ಟುಕೊಂಡಿದ್ದೇನೆ.

ವಿಜಯಪುರ ಕಡೆಯ ತಾಂಡಾದ ಹುಡುಗಿಯ ಬರಹವನ್ನು ಮಾತ್ರ ಬಿಡಲಾಗದು. ಈಗಷ್ಟೇ ಮುಗಿದ ದೀಪಾವಳಿಯ ಮೇರಾ ಬಗ್ಗೆ ಬರೆದಿದ್ದಾಳೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಲಂಬಾಣಿ ತಾಂಡಾಗಳಲ್ಲಿ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗುತ್ತಾರೆ. ಹಿರಿಯರ ಹೆಸರು ಹೇಳಿ ಹಾಡಿ ಹಾರೈಸುತ್ತಾರೆ. ನಾವು ಸಾಮಾನ್ಯವಾಗಿ ಕಿರಿಯರು ಹಿರಿಯರಿಂದ ಆಶೀರ್ವಾದ ಪಡೆಯುವುದನ್ನು ನೋಡಿದ್ದೇವೆ. ಇಲ್ಲಿ ಮುದುಕರಿಗೆ ಒಳ್ಳೆಯದಾಗಲಿ ಅಂತ ಹುಡುಗಿಯರು ಹೇಳುತ್ತಾರೆ. ಈ ಕಲ್ಪನೆ ನನಗೆ ಬಹಳ ದೊಡ್ಡದು ಅನ್ನಿಸುತ್ತದೆ.

ಗೋವಾಕ್ಕೆ ದುಡಿಯಲು ಹೋದವರು ಹಬ್ಬಕ್ಕೆ ಬಂದಿದ್ದರು. ಒಂದು ಮನೆಗೆ ಮಾತ್ರ ಯಾರೂ ಬಂದಿರಲಿಲ್ಲ. ಅಲ್ಲಿದ್ದವಳು ಒಬ್ಬಳೇ ಮುದುಕಿ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಹುಡುಗಿಯರು ಒಳಗೆ ಹೋಗಲೋ ಬೇಡವೋ ಅಂತ ಒಂದು ಗಳಿಗೆ ನಿಂತರು. ಆಮೇಲೆ ಹೋಗಿ ಹಾಡಿದರು. ಮುದುಕಿ ತಿರುಗಿ ನೋಡಿದ್ದು ಅವರ ಮುಖವನ್ನಲ್ಲ, ದೀಪವನ್ನು. ಎಣ್ಣೆ ಕಡಿಮೆಯಾಗಿದೆ ಅಂದಳು. ಎದ್ದು, ತನ್ನ ಶೀಸೆಯಲ್ಲಿ ಉಳಿದಷ್ಟನ್ನೂ ಸುರಿದಳು. ಮುಂದಿನ ಮನೆ ಮುಟ್ಟುವತನಕ ಆರಬಾರದು ಅಂದಳು. ಹುಡುಗಿ ಇದನ್ನು ಯಾವ ವಿವರಣೆಯೂ ಇಲ್ಲದೆ ಬರೆದಿದ್ದಾಳೆ.

ಇನ್ನೊಬ್ಬಳು ತನ್ನದೇ ಮುಪ್ಪಿನ ಬಗ್ಗೆ ಬರೆದಿದ್ದಾಳೆ. ಅರ್ಧ ಪುಟ ಅಷ್ಟೇ. ಅರವತ್ತಾದಾಗ ನನಗೊಂದು ಖೋಲಿ ಇರಬೇಕು, ಅದಕ್ಕೆ ಒಳಗಿನಿಂದ ಚಿಲಕ ಇರಬೇಕು, ಓದುವ ದೀಪವನ್ನು ಯಾರೂ ಆರಿಸು ಅನ್ನಬಾರದು. ಈಗಿನ ಅವಳ ಮನೆ ಹೇಗಿದೆ ಅಂತ ಈ ಅರ್ಧ ಪುಟದಲ್ಲೇ ಗೊತ್ತಾಗುತ್ತದೆ, ಅಲ್ವಾ?

ನಮ್ಮ ಕೂಡಲಸಂಗಮದ ಬಸವಣ್ಣ ಮುಪ್ಪನ್ನು ಹೇಳುವಾಗ ನೆರೆ ಕೆನ್ನೆಗೆ, ತೆರೆ ಗಲ್ಲಕ್ಕೆ ಅಂತ ಶುರು ಮಾಡುತ್ತಾನೆ. ಹಲ್ಲು, ಬಾಗಿದ ಬೆನ್ನು, ಕಾಲ ಮೇಲೆ ಊರಿದ ಕೈ, ಕೋಲು. ಒಂದೊಂದೂ ಕಣ್ಣಿಗೆ ಕಾಣುತ್ತದೆ. ಆ ವಚನವನ್ನು ಮಕ್ಕಳೆಲ್ಲ ಬಾಯಿಪಾಠ ಹೇಳುತ್ತಾರೆ. ಬರೆಯುವಾಗ ಪೀಠಿಕೆಯಲ್ಲಿ ಎತ್ತಿ ಇಡುತ್ತಾರೆ. ಅದರಿಂದ ಕಲಿಯಬೇಕಾದ ಗುಟ್ಟು ಅವರಿಗೆ ಆಗಲೇ ಬಂದಿದೆ, ನಡುಭಾಗದಲ್ಲಿ ಅದನ್ನೇ ಮಾಡಿದ್ದಾರೆ ಕೂಡ. ಅದು ಅವರಿಗೆ ಗೊತ್ತಿಲ್ಲ, ಅಷ್ಟೇ.

ಸಂಪಾದಕ ಸಮಿತಿಯಲ್ಲಿ ಈ ಬಗ್ಗೆ ಮಾತಾಯಿತು. ಕೊನೆಯ ಪ್ಯಾರಾಗಳನ್ನು ತೆಗೆಯೋಣ ಅಂತ ನಾನು. ಬೇಡ ಅಂತ ಒಬ್ಬ ಹಿರಿಯ ಸಹೋದ್ಯೋಗಿ. ಅವರ ಮಾತಿನಲ್ಲೂ ಪ್ರೀತಿ ಇದೆ. ಇದು ಮಕ್ಕಳ ಸಂಚಿಕೆ, ಮನೆಯವರು ಓದುತ್ತಾರೆ, ಮೊದಲೇ ಕಷ್ಟದಿಂದ ಬಂದ ಮಕ್ಕಳು, ಕೊನೆಗೆ ಒಂದು ಒಳ್ಳೆಯ ಮಾತು ಇರಲಿ ಅನ್ನುತ್ತಾರೆ. ನನ್ನ ವಾದ ಇಷ್ಟೇ: ಒಳ್ಳೆಯ ಮಾತು ಆಗಲೇ ಬಂದಾಗಿದೆ. ನೀಲಿಯ ಬಾಜೂ ಬಣ್ಣ ಹುಡುಕುವ ಅಜ್ಜನಲ್ಲಿ ಇದೆ, ಎಣ್ಣೆ ಸುರಿದ ಮುದುಕಿಯಲ್ಲಿ ಇದೆ. ಅದರ ಮೇಲೆ ಇನ್ನೊಂದು ಸಾಲು ಹಾಕಿದರೆ, ಮಗು ಕಂಡದ್ದನ್ನು ನಾವು ನಂಬಲಿಲ್ಲ ಅಂತ ಆಗುತ್ತದೆ. ಮಾಳಿಗೆಗೆ ಮಣ್ಣು ಹಾಕಿಸುವ ಅಜ್ಜನದ್ದು ಭರವಸೆಯೋ ಹತಾಶೆಯೋ ಮೊಮ್ಮಗನಿಗೇ ತಿಳಿದಿಲ್ಲ. ತಿಳಿಯದ್ದನ್ನು ಹಾಗೆಯೇ ಬಿಟ್ಟ ಅವನ ಪ್ರಾಮಾಣಿಕತೆಯನ್ನು ನಾವು ಯಾಕೆ ತಿದ್ದಬೇಕು?

ತೀರ್ಮಾನ ನನ್ನದೂ ಅಲ್ಲ, ಅವರದೂ ಅಲ್ಲ ಅಂತ ಕೊನೆಗೆ ಒಪ್ಪಿಕೊಂಡೆವು. ಬರೆದವರನ್ನೇ ಕೇಳಬೇಕು. ನಾಳೆ ಮಧ್ಯಾಹ್ನ ಎಲ್ಲರನ್ನೂ ಲೈಬ್ರರಿಗೆ ಕರೆದಿದ್ದೇನೆ. ಪ್ರತಿಯೊಬ್ಬರ ಬರಹವನ್ನೂ ಎರಡು ರೀತಿಯಲ್ಲಿ ಓದಿಸುತ್ತೇನೆ, ಉಪಸಂಹಾರ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ. ಓದುವವರು ಬರೆದವರಲ್ಲ, ಅವರ ಗೆಳೆಯರು. ಬರೆದವರು ಕೇಳಲಿ. ಇರಲೇಬೇಕು ಅಂದರೆ ಇರುತ್ತದೆ. ಗುಳೇದಗುಡ್ಡದ ಹುಡುಗನಿಗೆ ಹಳೆಯ ಖಣದ ತುಂಡೊಂದನ್ನು ತರಲು ಹೇಳಿದ್ದೇನೆ, ಮುಖಪುಟಕ್ಕೆ ಅದರ ಫೋಟೊ ಆಗುತ್ತದೆಯೋ ನೋಡಬೇಕು. ಮುದ್ರಣದಲ್ಲಿ ಆ ನೀಲಿ ಕೆಡದಂತೆ ಪ್ರೆಸ್ಸಿನವರ ಹತ್ತಿರ ಕೂತು ನೋಡಿಕೊಳ್ಳುವ ಕೆಲಸ ನನ್ನದು.